ಯಾಟ್ ದೂರ ನಿಲ್ಲಿಸಿ, ಸ್ಟಾಕ್‌ಹೋಮ್‌ಗೆ ಚಿಕ್ಕ ಬೋಟ್‌ನಲ್ಲಿ ಬನ್ನಿ

ಪ್ರಶ್ನೆ: ನಾನು ಬೆಂಗಳೂರಿನ ಒಬ್ಬ ಉದ್ಯಮಿಯ ಆಪ್ತ ಸಹಾಯಕ. ನಮ್ಮ ಯಜಮಾನರು ಮುಂದಿನ ಆಗಸ್ಟ್‌ನಲ್ಲಿ 48 ಮೀಟರ್ ಉದ್ದದ ಯಾಟ್ ಬಾಡಿಗೆಗೆ ಹಿಡಿದು, ಕೋಪನ್‌ಹೇಗನ್‌ನಲ್ಲಿ ಹತ್ತಿ ಸ್ಟಾಕ್‌ಹೋಮ್‌ಗೆ ಹೋಗಬೇಕು ಎಂದಿದ್ದಾರೆ. ಜೊತೆಗೆ ಹೆಂಡತಿ, ಹದಿಹರೆಯದ ಇಬ್ಬರು ಮಕ್ಕಳು, 78 ವರ್ಷದ ತಾಯಿ. ತಾಯಿಯವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅರಮನೆ ಪಕ್ಕದಲ್ಲೇ ಯಾಟ್ ನಿಲ್ಲಿಸಬಹುದು ಎಂದು ಬ್ರೋಕರ್ ಆಸೆ ತೋರಿಸುತ್ತಿದ್ದಾರೆ. ಆದರೆ ಯಜಮಾನರದು ಒಂದೇ ಷರತ್ತು: ಬಂದದ್ದು, ಹೋದದ್ದು ಯಾರ ಕಣ್ಣಿಗೂ ಬೀಳಬಾರದು. ಹಾಗಂತ ಅನುಕೂಲಕ್ಕೂ ಕಡಿಮೆಯಾಗಬಾರದು. ಯಾಟ್ ಎಲ್ಲಿ ನಿಲ್ಲಿಸಬೇಕು, ಏನು ತೋರಿಸಬೇಕು, ಎಲ್ಲಿ ಎಚ್ಚರವಾಗಿರಬೇಕು?

ಉತ್ತರ: ಬ್ರೋಕರ್ ಹೇಳಿದ್ದು ಸುಳ್ಳಲ್ಲ. ಹಳೇ ಪಟ್ಟಣ ಗಾಮ್ಲಾ ಸ್ತಾನ್‌ನ ಪೂರ್ವ ದಂಡೆಯಲ್ಲಿ ಶೆಪ್ಸ್‌ಬ್ರೂನ್ ಅಂತ ಒಂದು ಉದ್ದನೆಯ ಧಕ್ಕೆ ಇದೆ. ದೊಡ್ಡ ಯಾಟ್‌ಗಳು ಅಲ್ಲಿ ನಿಲ್ಲುವುದುಂಟು. ಅರಮನೆಗೆ ನಡೆದುಕೊಂಡು ಹೋಗಬಹುದು. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ನಿಮಗೆ ತೊಂದರೆ ಇರುವುದೂ ಅದರಲ್ಲೇ.

ಬೇಸಿಗೆಯಲ್ಲಿ ಆ ಧಕ್ಕೆ ಮೇಲೆ ಏನೇನು ನಡೆಯುತ್ತದೆ ಅಂತ ನೋಡಿ. ಮಧ್ಯಾಹ್ನ ಅರಮನೆಯ ಕಾವಲು ಬದಲಾವಣೆ ನೋಡಲು ಬಂದ ಪ್ರವಾಸಿಗರು ಈ ಕಡೆಯೇ ಹರಿದು ಬರುತ್ತಾರೆ. ಪಕ್ಕದ ಸ್ಲುಸ್ಸೆನ್‌ನಿಂದ ಯೂರ್ಗೋರ್ಡೆನ್ ದ್ವೀಪಕ್ಕೆ ಹೋಗುವ ಫೆರಿ ಎದುರಿಗೇ ಓಡಾಡುತ್ತದೆ. ಅದರ ತುಂಬ ಮೊಬೈಲ್ ಹಿಡಿದ ಜನ. ಆಚೆ ದಂಡೆಯ ಸ್ತಾಡ್ಸ್‌ಗೋರ್ಡೆನ್‌ನಲ್ಲಿ ಫಿನ್‌ಲೆಂಡ್‌ಗೆ ಹೋಗುವ ಹತ್ತಾರು ಅಂತಸ್ತಿನ ಹಡಗು ನಿಂತಿರುತ್ತದೆ. ಅದರ ಮೇಲ್ಛಾವಣಿಯಲ್ಲಿ ನಿಂತವರಿಗೆ ನಿಮ್ಮ ಯಾಟ್‌ನ ಊಟದ ಮೇಜಿನ ಮೇಲೆ ಏನು ಬಡಿಸಿದ್ದಾರೆ ಅನ್ನುವುದೂ ಕಾಣುತ್ತದೆ. ಪರದೆ ಎಳೆದುಕೊಂಡು ಒಳಗೇ ಕೂತಿರೋದಾದರೆ ಅಷ್ಟು ದೂರ ಬರೋದಾದರೂ ಯಾಕೆ?

ಹಾಗಾಗಿ ನನ್ನ ಸಲಹೆ ಇಷ್ಟೇ. ಯಾಟ್ ನಗರದೊಳಗೆ ಬರುವುದು ಬೇಡ. ಹೊರಗೆ ದ್ವೀಪಗಳ ನಡುವೆ ನಿಲ್ಲಲಿ. ಕುಟುಂಬ ಮಾತ್ರ ಚಿಕ್ಕ ಬೋಟ್‌ನಲ್ಲಿ ಒಳಗೆ ಬರಲಿ. ಸ್ಟಾಕ್‌ಹೋಮ್ 14 ದ್ವೀಪಗಳ ಮೇಲೆ ಕಟ್ಟಿದ ಊರು. ಅದರ ಮುಂದೆ ಸಮುದ್ರದಲ್ಲಿ ಇನ್ನೂ ಸುಮಾರು 30,000 ದ್ವೀಪ, ನಡುಗಡ್ಡೆ, ಬಂಡೆಗಳು ಚದುರಿಕೊಂಡಿವೆ. ಇಲ್ಲಿ ಬೋಟ್‌ನಲ್ಲಿ ಪೇಟೆಗೆ ಬರುವುದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಮರದ ಚಿಕ್ಕ ಬೋಟ್‌ನಲ್ಲಿ ಐದು ಜನ ಬಂದಿಳಿದರೆ ಯಾರೂ ತಿರುಗಿ ನೋಡುವುದಿಲ್ಲ. 48 ಮೀಟರ್ ಯಾಟ್ ಬಂದರೆ ಎಲ್ಲರೂ ನೋಡುತ್ತಾರೆ.

ಎಲ್ಲಿ ನಿಲ್ಲಿಸುವುದು? ಬ್ರೋಕರ್ ಮುಂದೆ ಸಾಂಡ್‌ಹಾಮ್ನ್ ಹೆಸರು ಹೇಳಬಹುದು. 1830ರಲ್ಲಿ ಹುಟ್ಟಿದ, ಸ್ಕ್ಯಾಂಡಿನೇವಿಯಾದಲ್ಲೇ ಅತಿ ಹಳೆಯ ರಾಯಲ್ ಸ್ವೀಡಿಷ್ ಯಾಟ್ ಕ್ಲಬ್‌ನ ಪ್ರಸಿದ್ಧ ನೆಲೆ ಅದು. ಚೆಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಿಗೆಯಲ್ಲಿ ಸ್ಟಾಕ್‌ಹೋಮ್‌ನ ದುಡ್ಡಿರುವವರು ಒಬ್ಬರನ್ನೊಬ್ಬರು ನೋಡಲೆಂದೇ ಅಲ್ಲಿಗೆ ಹೋಗುತ್ತಾರೆ. ಒಂದು ಮಧ್ಯಾಹ್ನ ಹೋಗಿ ಬನ್ನಿ, ಉಳಿಯಬೇಡಿ.

ನಾನು ಹೇಳುವುದು ಸಾಲ್ಟ್‌ಶೋಬಾದೆನ್. ನಗರದಿಂದ ಸುಮಾರು 15 ಕಿ.ಮೀ. ಆಗ್ನೇಯಕ್ಕಿದೆ. ಬ್ಯಾಂಕರ್ ಕ್ನೂಟ್ ವಾಲೆನ್‌ಬರಿ 19ನೇ ಶತಮಾನದ ಕೊನೆಗೆ ಬಂಡೆ, ಪೈನ್ ಕಾಡು ಇದ್ದ ಜಾಗ ಕೊಂಡು, ಅಲ್ಲಿಗೆ ರೈಲು ಹಾಕಿಸಿ, ಗ್ರ್ಯಾಂಡ್ ಹೋಟೆಲ್ ಕಟ್ಟಿಸಿ ಊರು ಮಾಡಿದರು. ಹೋಟೆಲ್ ಮತ್ತು ರೈಲು ಎರಡೂ 1893ರವು. ವಾಲೆನ್‌ಬರಿ ಮನೆತನ ಇವತ್ತಿಗೂ ಸ್ವೀಡನ್‌ನ ಅತಿ ಪ್ರಭಾವಿ ಉದ್ಯಮಿ ಮನೆತನ. ಲ್ಯಾಟಿನ್‌ನಲ್ಲಿ ಅವರದೊಂದು ಧ್ಯೇಯವಾಕ್ಯ ಇದೆ: ಇರಬೇಕು, ಕಾಣಿಸಿಕೊಳ್ಳಬಾರದು. ನಿಮ್ಮ ಯಜಮಾನರಿಗೆ ಇದನ್ನು ಹೇಳಿ, ಇಷ್ಟವಾಗಬಹುದು. ಅಲ್ಲಿನ ಜೆಟ್ಟಿಯಲ್ಲಿ 48 ಮೀಟರ್‌ಗೆ ಜಾಗ ಸಿಗದಿದ್ದರೂ ಹೊರಗಿನ ಕೊಲ್ಲಿಯಲ್ಲಿ ಲಂಗರು ಹಾಕಬಹುದು. ಎಲ್ಲಿ, ಎಷ್ಟು ಆಳದಲ್ಲಿ ಅನ್ನುವುದನ್ನು ಕ್ಯಾಪ್ಟನ್ ಸ್ಥಳೀಯ ಪೈಲಟ್ (ಈ ನೀರಿನಲ್ಲಿ ಹಡಗಿಗೆ ದಾರಿ ತೋರಿಸುವವರು) ಜೊತೆ ಕೂತು ತೀರ್ಮಾನಿಸಲಿ. ಈ ನೀರಿನಲ್ಲಿ ಬಂಡೆಗಳು ಮೇಲ್ಮೈಯಿಂದ ಒಂದು ಮೊಳ ಕೆಳಗೆ ಸದ್ದಿಲ್ಲದೆ ಕೂತಿರುತ್ತವೆ. ಮೆಡಿಟರೇನಿಯನ್‌ನಲ್ಲಿ ಪಳಗಿದ ಕ್ಯಾಪ್ಟನ್‌ಗಳಿಗೂ ಇದು ಹೊಸತು. ಪೈಲಟ್ ಖರ್ಚು ಉಳಿಸಲು ಹೋಗಬೇಡಿ.

ಇನ್ನೂ ಏಕಾಂತ ಬೇಕೆಂದರೆ ದಕ್ಷಿಣಕ್ಕೆ ದಾಲರೋ ಇದೆ. ಹಿಂದೆ ಹಡಗುಗಳು ಸುಂಕ ಕಟ್ಟಿ ಮುಂದೆ ಹೋಗುತ್ತಿದ್ದ ಊರು. ಹಳೇ ಸುಂಕದ ಕಟ್ಟೆಯ ಕಟ್ಟಡ ಇವತ್ತಿಗೂ ನೀರಿನ ಪಕ್ಕದಲ್ಲೇ ಇದೆ. ಆದರೆ ಅಲ್ಲಿಂದ ನಗರ ದೂರ. ಅಜ್ಜಿಯನ್ನು ದಿನಾ ಕರೆದುಕೊಂಡು ಓಡಾಡುವುದಾದರೆ ಸಾಲ್ಟ್‌ಶೋಬಾದೆನ್ ವಾಸಿ.

ಸಾಲ್ಟ್‌ಶೋಬಾದೆನ್‌ನಿಂದ ನಗರಕ್ಕೆ ಬರುವ ನೀರಿನ ದಾರಿಯೇ ಒಂದು ಪ್ರವಾಸ. ದೊಡ್ಡ ಹಡಗು ತೂರದಷ್ಟು ಇಕ್ಕಟ್ಟಾದ ಬಾಗ್ಗೆನ್ಸ್‌ಸ್ಟೇಕೆಟ್ ಅನ್ನುವ ಜಲಸಂಧಿ ಮೂಲಕ ಚಿಕ್ಕ ಬೋಟ್ ನುಸುಳಿಕೊಂಡು ಹೋಗುತ್ತದೆ. ಎರಡೂ ಕಡೆ ಕಡಿದಾದ ಬಂಡೆ, ಮರ. 1719ರ ಆಗಸ್ಟ್‌ನಲ್ಲಿ ರಷ್ಯಾದ ಸೈನ್ಯ ಈ ಸಂದಿಯಿಂದಲೇ ಸ್ಟಾಕ್‌ಹೋಮ್‌ಗೆ ನುಗ್ಗಲು ನೋಡಿತ್ತು. ಸ್ವೀಡನ್ ಪಡೆ ಇಲ್ಲೇ ತಡೆಯಿತು. ಆ ಬೇಸಿಗೆಯಲ್ಲಿ ರಷ್ಯನ್ನರು ಕರಾವಳಿಯ ದ್ವೀಪಗಳ ಮನೆಗಳನ್ನು ಸುಟ್ಟುಹಾಕಿದ್ದರಿಂದ, ಈ ಭಾಗದಲ್ಲಿ ಅದಕ್ಕಿಂತ ಹಳೆಯ ಮರದ ಮನೆ ಸಿಗುವುದು ಅಪರೂಪ. ಸಂದಿ ದಾಟಿದ ಮೇಲೆ ವಿಲ್ಲಾಗಳ ಸಾಲು, ಆಮೇಲೆ ಅಗಲವಾದ ಹಡಗು ದಾರಿ, ಬಲಕ್ಕೆ ಯೂರ್ಗೋರ್ಡೆನ್ ಕಾಡು. ಇಡೀ ದಾರಿಯಲ್ಲಿ ಅಲ್ಲಲ್ಲಿ ವೇಗದ ಮಿತಿ ಇದೆ. ಅವಸರ ಮಾಡುವ ಹಾಗಿಲ್ಲ.

ಯಾಟ್‌ನದ್ದೇ ಟೆಂಡರ್, ಅಂದರೆ ಯಾಟ್‌ನಿಂದ ದಡಕ್ಕೆ ಓಡಾಡುವ ಚಿಕ್ಕ ಬೋಟ್, ಬಳಸಬಹುದು. ಆದರೆ ಹೊಳೆಯುವ ಟೆಂಡರ್ ಮೇಲೆ ಯಾಟ್‌ನ ಹೆಸರು ಬರೆದಿರುತ್ತದೆ. ಸಮವಸ್ತ್ರ ತೊಟ್ಟ ಹುಡುಗರು ಕೈ ಕಟ್ಟಿ ನಿಂತಿರುತ್ತಾರೆ. ಅದರ ಬದಲು ಇಲ್ಲಿಯ ಹಳೇ ಮಾದರಿಯ ಮಹಾಗನಿ ಬೋಟ್ ಒಂದನ್ನು ಚಾಲಕನ ಸಮೇತ ಬಾಡಿಗೆಗೆ ಹಿಡಿಯಿರಿ. 20ನೇ ಶತಮಾನದ ಆರಂಭದಲ್ಲಿ ಕಾರ್ಲ್ ಗುಸ್ತಾಫ್ ಪೆಟರ್ಸನ್ ಅನ್ನುವವರು ವಿನ್ಯಾಸ ಮಾಡಿದ ಉದ್ದನೆಯ, ತೆಳ್ಳಗಿನ ಬೋಟ್‌ಗಳನ್ನು ಇಲ್ಲಿ ಪೆಟರ್ಸನ್ ಬೋಟ್ ಅಂತಲೇ ಕರೆಯುತ್ತಾರೆ. ಮುಚ್ಚಿದ ಕ್ಯಾಬಿನ್, ಕಿಟಕಿಗೆ ಪರದೆ, ಮೆತ್ತನೆ ಆಸನ. ಇದಕ್ಕಿಂತ ಸುಖವಾದ ಪ್ರಯಾಣ ಇಲ್ಲಿ ಇನ್ನೊಂದಿಲ್ಲ. ನೋಡುವವರು ಇಲ್ಲಿಯದ್ದೇ ಯಾವುದೋ ಕುಟುಂಬ ಅಂದುಕೊಂಡು ಸುಮ್ನಾಗುತ್ತಾರೆ. ಇಲ್ಲಿಯ ಬಾಲ್ಟಿಕ್ ಸಮುದ್ರದಲ್ಲಿ ಉಬ್ಬರವಿಳಿತ ಇಲ್ಲವೇನೋ ಅನ್ನುವಷ್ಟು ಕಡಿಮೆ. ಹಾಗಾಗಿ ಅಜ್ಜಿಗೆ ಬೋಟ್‌ನಿಂದ ಧಕ್ಕೆಗೆ ಕಾಲಿಡುವುದೂ ಕಷ್ಟವಾಗುವುದಿಲ್ಲ.

ಈಗ ಕಾಗದಪತ್ರದ ವಿಷಯ. ಗುಟ್ಟು ಸೋರುವುದು ಹೆಚ್ಚಾಗಿ ಇಲ್ಲಿಂದಲೇ. ಬ್ರೋಕರ್‌ಗಳು ಇದನ್ನು ಹೇಳುವುದೂ ಕಡಿಮೆ.

ಮೊದಲನೆಯದು ಎಐಎಸ್. ದೊಡ್ಡ ಹಡಗುಗಳು ತಮ್ಮ ಹೆಸರು, ಜಾಗ, ವೇಗವನ್ನು ರೇಡಿಯೋ ಮೂಲಕ ಸದಾ ಸಾರುತ್ತಿರಬೇಕು. 48 ಮೀಟರ್ ಯಾಟ್ ಕೂಡ ಸಾರುತ್ತದೆ. ಯಾರು ಬೇಕಾದರೂ ಮೊಬೈಲ್‌ನಲ್ಲಿ ಉಚಿತ ಆ್ಯಪ್ ಹಾಕಿಕೊಂಡು ಅದು ಎಲ್ಲಿದೆ ಅಂತ ನೋಡಬಹುದು. 'ಆಫ್ ಮಾಡಿಸಿಬಿಡೋಣ' ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಕಳೆದ ಕೆಲವು ವರ್ಷಗಳಲ್ಲಿ ಬಾಲ್ಟಿಕ್ ಸಮುದ್ರದ ತಳದ ಕೇಬಲ್‌ಗಳು ಒಂದರ ಹಿಂದೆ ಒಂದು ತುಂಡಾಗಿವೆ. ಸುತ್ತಲಿನ ಎಲ್ಲ ದೇಶಗಳ ಕರಾವಳಿ ಪಡೆಗಳೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿವೆ. ಇದ್ದಕ್ಕಿದ್ದಂತೆ ಕಣ್ಮರೆಯಾದ ಯಾಟ್ ಮೇಲೆಯೇ ಅವರಿಗೆ ಮೊದಲ ಅನುಮಾನ. ಗುಟ್ಟು ಇರಬೇಕಾದ್ದು ಯಾಟ್ ಎಲ್ಲಿದೆ ಅನ್ನುವುದಲ್ಲ, ಒಳಗೆ ಯಾರಿದ್ದಾರೆ ಅನ್ನುವುದು. ಬಾಡಿಗೆ ಯಾಟ್ ಆಗಿರುವುದು ನಿಮ್ಮ ಅದೃಷ್ಟ. ಹೆಸರು ನೋಡಿ ಯಾರೂ ನಿಮ್ಮ ಯಜಮಾನರನ್ನು ಊಹಿಸಲಾರರು.

ಎರಡನೆಯದು ಇನ್ನೂ ಮುಖ್ಯ. ಸರ್ಕಾರಿ ಕಾಗದಗಳನ್ನು ನೋಡುವ ಹಕ್ಕು ಸ್ವೀಡನ್‌ನಲ್ಲಿ 1766ರಿಂದಲೇ ಜನರಿಗಿದೆ. ಪಕ್ಕದ ಮನೆಯವರ ಆದಾಯ ಎಷ್ಟು ಅಂತ ತೆರಿಗೆ ಇಲಾಖೆಗೆ ಫೋನ್ ಮಾಡಿ ಕೇಳಬಹುದಾದ ದೇಶ ಇದು. ಸ್ಟಾಕ್‌ಹೋಮ್ ಬಂದರು ನಡೆಸುವ ಸಂಸ್ಥೆ ಇರುವುದು ನಗರಸಭೆಯ ಒಡೆತನದಲ್ಲಿ. ಅಂಥ ಸಂಸ್ಥೆಗೆ ನೀವು ಕಳಿಸುವ ಇ-ಮೇಲ್ ಕೂಡ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಯಾಗುತ್ತದೆ. ಪತ್ರಕರ್ತರು ಕೇಳಿದರೆ ಕೊಡಬೇಕಾಗಿ ಬರಬಹುದು. 'ನಮ್ಮ ಯಜಮಾನರು ಇಂಥವರು, ಇಂಥ ಕಂಪನಿಯ ಅಧ್ಯಕ್ಷರು, ದಯವಿಟ್ಟು ಒಳ್ಳೇ ಜಾಗ ಕೊಡಿ' ಅಂತ ನಮ್ಮ ಕಡೆಯ ಅಭ್ಯಾಸದಂತೆ ಬಂದರಿಗಾಗಲಿ, ಸರ್ಕಾರಿ ಮ್ಯೂಸಿಯಂಗಾಗಲಿ, ನಗರಸಭೆಗಾಗಲಿ ಬರೆಯಲೇಬೇಡಿ. ಬರೆದರೂ ಒಳ್ಳೇ ಜಾಗ ಸಿಗುವುದಿಲ್ಲ, ಅದು ಬೇರೆ ಮಾತು. ಸ್ಥಳೀಯ ಯಾಟ್ ಏಜೆಂಟ್ ಒಬ್ಬರನ್ನು ಹಿಡಿಯಿರಿ. ಎಲ್ಲ ವ್ಯವಹಾರವೂ ಯಾಟ್ ಹೆಸರಲ್ಲಿ, ಏಜೆಂಟ್ ಮೂಲಕವೇ ನಡೆಯಲಿ. ಗಡಿ ಪೊಲೀಸ್ ಅಥವಾ ಕರಾವಳಿ ಪಡೆ ಕೇಳಿದರೆ ಮಾತ್ರ ಹೆಸರು, ಪಾಸ್‌ಪೋರ್ಟ್ ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಕೊಡಿ. ಅಲ್ಲಿ ಮುಚ್ಚುಮರೆ ಬೇಡ.

ವೀಸಾ ಸುಲಭ. ಡೆನ್ಮಾರ್ಕ್, ಸ್ವೀಡನ್ ಎರಡೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಶೆಂಗೆನ್ ದೇಶಗಳ ಗುಂಪಿನಲ್ಲಿವೆ. ಹೆಚ್ಚು ದಿನ ಯಾವ ದೇಶದಲ್ಲಿರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಡುವೆ ಲಂಡನ್‌ಗೆ ಹೋಗಿ ಬರುವ ಯೋಚನೆ ಇದ್ದರೆ ಹಲವು ಸಲ ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು. ಬ್ರಿಟನ್‌ಗೆ ಬೇರೆಯೇ ವೀಸಾ. 2025ರ ಅಕ್ಟೋಬರ್‌ನಿಂದ ಶೆಂಗೆನ್ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಖಾಸಗಿ ವಿಮಾನದಲ್ಲಿ ಬಂದರೂ ಬಿಡುವುದಿಲ್ಲ. ವಾಪಸ್ ಹೋಗುವಾಗ ಸ್ಟಾಕ್‌ಹೋಮ್‌ನಿಂದಲೇ ಖಾಸಗಿ ವಿಮಾನ ಹತ್ತುವುದಾದರೆ ಊರಿಗೆ ಅಂಟಿಕೊಂಡೇ ಇರುವ ಬ್ರೊಮ್ಮಾ ವಿಮಾನ ನಿಲ್ದಾಣ ಅನುಕೂಲ. ಆರ್ಲಾಂಡಾ ಸುಮಾರು 40 ಕಿ.ಮೀ. ದೂರ.

ಅಜ್ಜಿಯ ಸಾಮಾನಿನ ಬಗ್ಗೆ ಒಂದು ಮಾತು. ಭಾರತದಿಂದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟಕ್ಕೆ ಬ್ಯಾಗಿನಲ್ಲಿ ತರುವಂತಿಲ್ಲ. ಅಂದರೆ ಮನೆ ತುಪ್ಪವೂ ಇಲ್ಲ, ಧಾರವಾಡ ಪೇಡವೂ ಇಲ್ಲ. ಹಸಿ ಕರಿಬೇವು, ತರಕಾರಿಗಳಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ತಮಾಷೆ ಅಂದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್‌ಗೆ ಅಂಥ ತಕರಾರಿಲ್ಲ. ಬೇಳೆ, ಸಾಂಬಾರ ಪುಡಿ ಬೇಕಾದಷ್ಟು ತನ್ನಿ. ಸ್ವೀಡನ್ ಬೆಣ್ಣೆ ಬಹಳ ಚೆನ್ನಾಗಿರುತ್ತದೆ. ಯಾಟ್‌ನ ಅಡುಗೆಯವರಿಗೆ ಹೇಳಿ ಅಲ್ಲೇ ತುಪ್ಪ ಕಾಯಿಸಿಕೊಳ್ಳಿ. ಅಡುಗೆಯವರಿಗೆ 'ವೆಜಿಟೇರಿಯನ್' ಅಂತಷ್ಟೇ ಹೇಳಿದರೆ ಸಾಲದು. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಜೆಲಾಟಿನ್, ಪ್ರಾಣಿ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ಪದಾರ್ಥ) ಹಾಕಿದ ಚೀಸ್ ಅಂತ ಒಂದೊಂದನ್ನೂ ಬರೆದು ಕಳಿಸಿ. ಯುರೋಪಿನ ಬಹುಪಾಲು ಹಳೇ ಚೀಸ್‌ಗಳು ಆ ಕೊನೆಯ ಸಾಲಿಗೇ ಬೀಳುತ್ತವೆ.

ಆಗಸ್ಟ್ ಆರಿಸಿದ್ದು ಒಳ್ಳೆಯದಾಯಿತು. ಜುಲೈನಲ್ಲಿ ಸ್ವೀಡನ್ನರು ಒಟ್ಟಿಗೇ ರಜೆ ಹಾಕುತ್ತಾರೆ. ದ್ವೀಪಗಳು ತುಂಬಿರುತ್ತವೆ, ನಗರದ ಒಳ್ಳೊಳ್ಳೆ ಹೋಟೆಲ್‌ಗಳ ಅಡುಗೆಮನೆಗೆ ಬೀಗ ಬಿದ್ದಿರುತ್ತದೆ. ಆಗಸ್ಟ್ ಮೂರನೇ ವಾರಕ್ಕೆ ಎಲ್ಲ ತಲೆಕೆಳಗಾಗುತ್ತದೆ. ಶಾಲೆ ಶುರುವಾಗಿ ದ್ವೀಪಗಳು ಖಾಲಿ. ನಗರದಲ್ಲಿ ರೆಸ್ಟೋರೆಂಟ್‌ಗಳು ಮತ್ತೆ ತೆರೆದಿರುತ್ತವೆ. ನೀರು ಇನ್ನೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಬ್ರೋಕರ್ ಹತ್ತಿರ ಆ ವಾರವನ್ನೇ ಕೇಳಿ.

ನಗರದಲ್ಲಿ ಏನು ನೋಡುವುದು ಅಂತ ಕೇಳಿದ್ದೀರಿ. ಪಟ್ಟಿ ಉದ್ದ ಇದೆ, ಆದರೆ ಅಜ್ಜಿಯ ಕಾಲು, ಮಕ್ಕಳ ತಾಳ್ಮೆ, ಯಜಮಾನರ ಏಕಾಂತ ಮೂರೂ ಹೊಂದಬೇಕು. ನಾನಾದರೆ ಮೂರೇ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ.

ವಾಸಾ ಹಡಗನ್ನು ಬಿಡುವ ಹಾಗಿಲ್ಲ. 1628ರ ಆಗಸ್ಟ್ 10ರಂದು ರಾಜನ ಹೊಸ ಯುದ್ಧನೌಕೆ ಮೊದಲ ಸಲ ಹೊರಟು, ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿ ಬಂದರಿನಲ್ಲೇ ಮುಳುಗಿತು. 64 ಫಿರಂಗಿ, ಮೇಲ್ಭಾಗ ತೀರಾ ಭಾರ, ತಳದಲ್ಲಿ ಸಾಕಷ್ಟು ತೂಕವಿಲ್ಲ. 333 ವರ್ಷದ ನಂತರ, 1961ರಲ್ಲಿ, ಹೆಚ್ಚುಕಡಿಮೆ ಇಡಿಯಾಗಿ ಮೇಲೆತ್ತಿದರು. ಅಷ್ಟು ಕಾಲ ಮರ ಉಳಿದದ್ದಕ್ಕೆ ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ ಇರುವುದು ಒಂದು ದೊಡ್ಡ ಕಾರಣ. ಮರ ಕೊರೆಯುವ ಹಡಗು ಹುಳ ಅಲ್ಲಿ ಬದುಕುವುದಿಲ್ಲ. ದುಡ್ಡು ಕೊಟ್ಟು ಮ್ಯೂಸಿಯಂ ಮುಚ್ಚಿದ ಮೇಲೆ ಪ್ರತ್ಯೇಕವಾಗಿ ನೋಡುವ ಏರ್ಪಾಡಿನ ಬಗ್ಗೆ ಯಾರಾದರೂ ಹೇಳಬಹುದು. ಬೇಡ. ಐದು ಜನಕ್ಕಾಗಿ ಇಡೀ ಮ್ಯೂಸಿಯಂ ತೆರೆಸಿದರೆ ಅದೇ ಸುದ್ದಿಯಾಗುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ 8:30ಕ್ಕೇ ಬಾಗಿಲು ತೆರೆಯುತ್ತದೆ. ಪ್ರವಾಸಿ ಬಸ್‌ಗಳು ಬರುವ ಮೊದಲೇ ಹೋಗಿ ನೋಡಿ ಬನ್ನಿ. ಪಕ್ಕದಲ್ಲೇ ವಾಸಾಹಾಮ್ನೆನ್ ಅನ್ನುವ ಬೋಟ್ ನಿಲ್ದಾಣ ಇದೆ, ಇಳಿದು ನಾಲ್ಕು ಹೆಜ್ಜೆ. ಹಡಗಿನ ಮರಕ್ಕಾಗಿ ಒಳಗೆ ತಂಪಾಗಿ, ಮಬ್ಬು ಬೆಳಕಿನಲ್ಲಿ ಇಟ್ಟಿರುತ್ತಾರೆ. ಅಜ್ಜಿಗೆ ಶಾಲು ಇರಲಿ. ಆ ಕತ್ತಲಲ್ಲಿ ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣುವುದಿಲ್ಲ ಅನ್ನುವುದು ನಿಮಗೆ ಸಿಗುವ ಲಾಭ.

ಎರಡನೆಯದು ಅದೇ ಯೂರ್ಗೋರ್ಡೆನ್ ದ್ವೀಪದ ಪೂರ್ವ ತುದಿಯಲ್ಲಿರುವ ಟೀಲ್ಸ್ಕಾ ಗ್ಯಾಲರಿ. ಇಷ್ಟು ದೂರ ಬರುವವರು ಕಡಿಮೆ. ಎರ್ನೆಸ್ಟ್ ಟೀಲ್ ಅನ್ನುವ ಬ್ಯಾಂಕರ್ ತನ್ನ ಚಿತ್ರಗಳನ್ನು ಇಡಲಿಕ್ಕೆಂದೇ 1900ರ ದಶಕದಲ್ಲಿ ಕಟ್ಟಿಸಿದ ಬಿಳಿ ಮನೆ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಇನ್ನೂ ಅಷ್ಟು ಹೆಸರು ಮಾಡುವ ಮೊದಲೇ ಅವನಿಂದ ಕೊಂಡವರು ಇವರು. ತತ್ವಜ್ಞಾನಿ ನೀಚೆಯ ಭಾವಚಿತ್ರವನ್ನು ಮುಂಕ್ ಕೈಲಿ ಹೇಳಿ ಬರೆಸಿದ್ದರು. ಮೇಲೆ ಗೋಪುರದ ಕೋಣೆಯಲ್ಲಿ ನೀಚೆ ಸತ್ತ ಮೇಲೆ ತೆಗೆದ ಮುಖದ ಅಚ್ಚು ಇದೆ. ಮೊದಲ ಮಹಾಯುದ್ಧದ ನಂತರ ಟೀಲ್ ಕೈಯಲ್ಲಿದ್ದ ಆಸ್ತಿಯೆಲ್ಲ ಕರಗಿತು. 1924ರಲ್ಲಿ ಸರ್ಕಾರ ಮನೆಯನ್ನೂ ಚಿತ್ರಗಳನ್ನೂ ಕೊಂಡಿತು. ನಿಮ್ಮ ಯಜಮಾನರಂಥವರಿಗೆ ಈ ಮನೆಯ ಕೋಣೆಗಳಲ್ಲಿ ಓಡಾಡುವುದು ಬೇರೆಯೇ ಅನುಭವ. ಒಬ್ಬ ಶ್ರೀಮಂತ ಏನನ್ನು ಕೊಂಡ, ಏನನ್ನು ಕಳಕೊಂಡ, ಏನು ಉಳಿಯಿತು ಎಲ್ಲವೂ ಕಣ್ಣೆದುರಿಗಿರುತ್ತದೆ. ದೊಡ್ಡ ಮ್ಯೂಸಿಯಂ ಅಲ್ಲ. ಒಂದೂವರೆ ಗಂಟೆ ಸಾಕು. ಮುಗಿಸಿ ಬರುವಾಗ ರೋಸೆಂದಾಲ್ ತೋಟದಲ್ಲಿ ನಿಲ್ಲಿ. ಗಾಜಿನ ಮನೆಯೊಳಗೆ ಕೆಫೆ ಇದೆ. ಅಲ್ಲೇ ಬೆಳೆದ ತರಕಾರಿ, ಅಲ್ಲೇ ಸುಟ್ಟ ಬ್ರೆಡ್. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ತಗೋಬೇಕು. ಇಲ್ಲಿ ಸಾಲಿನಲ್ಲಿ ನಿಲ್ಲುವ ಕೋಟ್ಯಧಿಪತಿಗಳು ಬೇಕಾದಷ್ಟು ಜನ.

ಮೂರನೆಯದಕ್ಕೆ ಅರ್ಧ ದಿನ ಇಡಿ: ಡ್ರೊಟ್ನಿಂಗ್‌ಹೋಲ್ಮ್. ರಾಜ, ರಾಣಿ 1981ರಿಂದ ವಾಸ ಮಾಡುತ್ತಿರುವ ಅರಮನೆ, 1991ರಿಂದ ವಿಶ್ವ ಪರಂಪರೆಯ ತಾಣ. ಇದಿರುವುದು ಸಮುದ್ರದ ಕಡೆಯಲ್ಲ, ಮೇಲಾರೆನ್ ಸರೋವರದ ಕಡೆ. ಸಮುದ್ರದಿಂದ ಬೋಟ್ ಬರಬೇಕೆಂದರೆ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ಬೋಟ್ ದಾಟಿಸುವ ಗೇಟು) ದಾಟಬೇಕು, ಸಮಯ ಹಿಡಿಯುತ್ತದೆ. ಕಾರಿನಲ್ಲಿ ನಗರಕ್ಕೆ ಬಂದು, ಸಿಟಿ ಹಾಲ್ ಹತ್ತಿರ ಸರೋವರದ ಕಡೆಯಿಂದ ಇನ್ನೊಂದು ಬೋಟ್ ಹತ್ತುವುದು ಸುಲಭ.

ಅರಮನೆಗಿಂತ ಅದರ ಪಕ್ಕದ ರಂಗಮಂದಿರವನ್ನು ತೋರಿಸಿ. ಕಟ್ಟಿದ್ದು 1766ರಲ್ಲಿ. ರಾಜ ಮೂರನೇ ಗುಸ್ತಾವ್ 1792ರಲ್ಲಿ ಕೊಲೆಯಾದ ಮೇಲೆ ಕ್ರಮೇಣ ಬಾಗಿಲು ಮುಚ್ಚಿತು. ಆಮೇಲೆ ಸಾಮಾನು ತುಂಬುವ ಉಗ್ರಾಣವಾಯಿತು. 1921ರಲ್ಲಿ ಆಗ್ನೆ ಬೈಯರ್ ಅನ್ನುವ ವಿದ್ವಾಂಸ ಒಂದು ಚಿತ್ರ ಹುಡುಕಿಕೊಂಡು ಒಳಗೆ ಹೋದಾಗ ದೂಳಿನ ಕೆಳಗೆ ಇಡೀ ರಂಗಸಜ್ಜಿಕೆ ಹಾಗೇ ಕೂತಿತ್ತು. ಇವತ್ತಿಗೂ ಅದೇ ಮರದ ಯಂತ್ರಗಳು ಕೆಲಸ ಮಾಡುತ್ತವೆ. ವೇದಿಕೆ ಕೆಳಗೆ ಹಡಗಿನಲ್ಲಿ ಲಂಗರು ಎತ್ತಲು ಬಳಸುವಂಥ ದೊಡ್ಡ ಚಕ್ರ. ಅದನ್ನು ಜನ ಕೈಯಲ್ಲಿ ತಿರುಗಿಸಿದರೆ ಕಾಡು ಸರಿದು, ಕೆಲವೇ ಸೆಕೆಂಡ್‌ಗಳಲ್ಲಿ ಪ್ರೇಕ್ಷಕರೆದುರೇ ಅರಮನೆ ಬರುತ್ತದೆ. ತಿರುಚಿದ ನೀಲಿ ಮರದ ಉರುಳೆಗಳು ತಿರುಗಿದರೆ ಸಮುದ್ರದ ಅಲೆ. ಕಲ್ಲು ತುಂಬಿದ ಪೆಟ್ಟಿಗೆ ಆಚೀಚೆ ವಾಲಿಸಿದರೆ ಗುಡುಗು. ಗುಬ್ಬಿ ಕಂಪನಿಯ ಟ್ರಾನ್ಸ್‌ಫರ್ ಸೀನ್ ಕಂಡ ತಲೆಮಾರಿನಿಂದ ಕತೆ ಕೇಳಿ ಬೆಳೆದ ಅಜ್ಜಿಗೆ ಇದು ವಿವರಿಸದೆಯೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಆಪೆರಾ ಇರುತ್ತದೆ. ಬೆಂಚು ಮಾತ್ರ ಗಟ್ಟಿ, ದಿಂಬು ಕೇಳಿ ತಗೊಳ್ಳಿ.

ರಾತ್ರಿ ದಡದಲ್ಲಿ ಉಳಿಯಬೇಕೆಂದರೆ, ನಗರದೊಳಗಿನ ಗ್ರ್ಯಾಂಡ್ ಹೋಟೆಲ್ (ಸಾಲ್ಟ್‌ಶೋಬಾದೆನ್‌ನದ್ದಲ್ಲ) ಎಲ್ಲರಿಗೂ ಗೊತ್ತು. 1874ರದ್ದು, ಅರಮನೆ ಎದುರು, ನೊಬೆಲ್ ಪುರಸ್ಕೃತರು ಉಳಿಯುವ ಜಾಗ. ಸೇವೆಯಲ್ಲಿ ಕೊರತೆ ಇಲ್ಲ. ಆದರೆ ಅದರ ಲಾಬಿಯಲ್ಲಿ ಯಾರಾದರೂ ಪರಿಚಯದವರು ಸಿಕ್ಕೇ ಸಿಗುತ್ತಾರೆ. ನಿಮಗೆ ಎಟ್ ಹೆಮ್ ಸರಿ. ವಸತಿ ಬಡಾವಣೆಯೊಂದರಲ್ಲಿ ಶತಮಾನ ಹಳೆಯ ಕೆಂಪು ಇಟ್ಟಿಗೆ ಮನೆ. 2012ರಲ್ಲಿ 12 ಕೋಣೆಗಳ ಹೋಟೆಲ್ ಆಗಿ ಶುರುವಾಯಿತು, ಆಮೇಲೆ ಪಕ್ಕದ ಮನೆಗಳಿಗೂ ಹರಡಿತು. ಹೊರಗಿನಿಂದ ಯಾರದೋ ಮನೆಯಂತೆಯೇ ಕಾಣುತ್ತದೆ. ಅತಿಥಿಗಳು ಅಡುಗೆಮನೆಗೇ ಹೋಗಿ ಮೇಜಿನ ಸುತ್ತ ಕೂತು ಊಟ ಮಾಡಬಹುದು. ಅಡುಗೆಯವರ ಹತ್ತಿರ ಎದುರೆದುರೇ ಮಾತಾಡಬಹುದಾದ್ದರಿಂದ ಅಜ್ಜಿಯ ಊಟದ ಚಿಂತೆ ಅರ್ಧ ಕಡಿಮೆ. ಫ್ರಾನ್ಸೆನ್ 2018ರಲ್ಲಿ ಸ್ವೀಡನ್‌ನಲ್ಲೇ ಮೊದಲು ಮೂರು ಮಿಷೆಲಿನ್ ಸ್ಟಾರ್ ಪಡೆದ ರೆಸ್ಟೋರೆಂಟ್. ಅಲ್ಲಿಗೆ ಯಜಮಾನರು, ಅವರ ಹೆಂಡತಿ ಇಬ್ಬರೇ ಹೋಗಲಿ. ಗಂಟೆಗಟ್ಟಲೆ ನಡೆಯುವ ಊಟಕ್ಕೆ ಅಜ್ಜಿ, ಮಕ್ಕಳನ್ನು ಕೂರಿಸುವುದು ಶಿಕ್ಷೆ.

ಶಾಪಿಂಗ್‌ಗೆ ಒಂದೇ ಹೆಸರು: ಸ್ಟ್ರಾಂಡ್‌ವೇಗನ್‌ನಲ್ಲಿರುವ ಸ್ವೆನ್ಸ್ಕ್ ಟೆನ್. 1924ರಲ್ಲಿ ಎಸ್ಟ್ರಿಡ್ ಎರಿಕ್ಸನ್ ಶುರು ಮಾಡಿದ ಅಂಗಡಿ. ಜೋಸೆಫ್ ಫ್ರಾಂಕ್ ಬರೆದ ಹೂಬಳ್ಳಿಗಳ ಬಟ್ಟೆಗೆ ಹೆಸರುವಾಸಿ. 1975ರಿಂದ ಒಂದು ಪ್ರತಿಷ್ಠಾನದ ಕೈಲಿದೆ, ಲಾಭ ಸಂಶೋಧನೆಗೆ ಹೋಗುತ್ತದೆ. ಕ್ಯಾಶ್ ತರಬೇಡಿ. ಇಲ್ಲಿ ಬಹಳ ಕಡೆ ನೋಟು ತಗೊಳ್ಳುವುದೇ ಇಲ್ಲ. ಕಾರ್ಡ್ ಕೊಡಿ, ಅದೂ ನಿಮ್ಮ ಕಾರ್ಡ್ ಆದರೆ ಇನ್ನೂ ಒಳ್ಳೆಯದು.

ದ್ವೀಪಗಳ ನಡುವೆ ಇರುವ ದಿನಗಳಿಗೆ ಕೆಲವು ನಿಯಮ ಗೊತ್ತಿರಲಿ. ಇಲ್ಲಿ ಪ್ರಕೃತಿಯಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ. ಯಾರದೋ ದ್ವೀಪವಾದರೂ ಮನೆಯಿಂದ ದೂರದಲ್ಲಿ ಇಳಿದು, ನಡೆದಾಡಿ, ಒಂದೆರಡು ರಾತ್ರಿ ಲಂಗರು ಹಾಕಬಹುದು. ಆಗಸ್ಟ್‌ನಲ್ಲಿ ಕಾಡಿನ ತುಂಬ ಬ್ಲೂಬೆರಿ. ಮಕ್ಕಳು ಬಾಯಿ ನೀಲಿ ಮಾಡಿಕೊಂಡು ಬರಲಿ, ಯಾರೂ ಕೇಳುವುದಿಲ್ಲ. ಬೋಳು ಬಂಡೆ ಮೇಲೆ ಬೆಂಕಿ ಹಾಕಬಾರದು, ಕಾವಿಗೆ ಬಂಡೆ ಸೀಳುತ್ತದೆ. ಪಕ್ಷಿ ರಕ್ಷಣೆಯ ಬೋರ್ಡ್ ಇದ್ದರೆ ಇಳಿಯುವ ಮುನ್ನ ಅದರಲ್ಲಿರುವ ತಿಂಗಳುಗಳನ್ನು ಓದಿ. ಮಿಲಿಟರಿ ಬೋರ್ಡ್ ಇದ್ದ ಕಡೆ ಕ್ಯಾಮೆರಾ, ಡ್ರೋನ್ ಎರಡೂ ಒಳಗಿರಲಿ. ನಗರದ ಮೇಲೂ ಡ್ರೋನ್‌ಗೆ ಕಟ್ಟುನಿಟ್ಟು. ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ.

ಜೆಟ್‌ಸ್ಕಿ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಯಾಟ್‌ನಲ್ಲಿ ಎರಡು ಇದ್ದೇ ಇರುತ್ತವೆ. ಇಳಿಸಬೇಡಿ. 2022ರಿಂದ ಅದಕ್ಕೆ ಪ್ರತ್ಯೇಕ ಚಾಲನಾ ಪತ್ರ ಬೇಕು, ಎಲ್ಲೆಂದರಲ್ಲಿ ಓಡಿಸುವಂತೆಯೂ ಇಲ್ಲ. ಕಾನೂನು ಹಾಗಿರಲಿ, ಮೌನಕ್ಕೆಂದೇ ದ್ವೀಪಕ್ಕೆ ಬಂದು ಕೂತವರ ಮುಂದೆ ಅದನ್ನು ಗುಯ್ ಅನ್ನಿಸಿದರೆ ಅರ್ಧ ಗಂಟೆಯಲ್ಲಿ ನಿಮ್ಮ ಯಾಟ್‌ನ ಫೋಟೋ ಊರವರ ಫೇಸ್‌ಬುಕ್ ಗುಂಪಿನಲ್ಲಿರುತ್ತದೆ. ಬೋಟ್ ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ 0.2 ಪ್ರಾಮಿಲ್ (ಸಾವಿರಕ್ಕೆ 0.2 ಪಾಲು), ಅಂದರೆ ಹೆಚ್ಚುಕಡಿಮೆ ಶೂನ್ಯ. 10 ಮೀಟರ್‌ಗಿಂತ ಉದ್ದದ ಅಥವಾ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ವೇಗ ಮುಟ್ಟುವ ಯಾವ ಬೋಟ್‌ಗೂ ಇದು ಅನ್ವಯ. ಊಟ ಮುಗಿಸಿ ಖುಷಿಯಲ್ಲಿರುವ ಯಾರೂ 'ಒಂದು ರೌಂಡ್ ನಾನು ಓಡಿಸ್ತೀನಿ' ಅನ್ನುವ ಹಾಗಿಲ್ಲ. ವೈನ್ ಬೇಕಾದರೆ ಮೊದಲೇ ತರಿಸಿಟ್ಟುಕೊಳ್ಳಿ. ಅಂಗಡಿಯಲ್ಲಿ ಮಾರುವುದು ಸರ್ಕಾರಿ ಸಿಸ್ಟೆಮ್‌ಬೊಲಾಗೆಟ್ ಮಾತ್ರ. ಶನಿವಾರ ಬೇಗ ಮುಚ್ಚುತ್ತದೆ, ಭಾನುವಾರ ರಜೆ, ಅಲ್ಲಿ ಯಾವ ವಶೀಲಿಯೂ ನಡೆಯುವುದಿಲ್ಲ.

ಬಾಡಿಗಾರ್ಡ್‌ಗಳನ್ನು ಬೆಂಗಳೂರಿನಿಂದ ಕರೆತರಬೇಡಿ. ಅವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕಿವಿಗೆ ವೈರ್ ಸಿಕ್ಕಿಸಿಕೊಂಡು ಸುತ್ತ ನಿಂತರೆ 'ಇದ್ಯಾರಪ್ಪ' ಅಂತ ದಾರಿಹೋಕರೂ ನಿಂತು ನೋಡುತ್ತಾರೆ. ಭದ್ರತೆ ಬೇಕೇ ಬೇಕು ಅನ್ನಿಸಿದರೆ ಪರವಾನಗಿ ಇರುವ ಸ್ಥಳೀಯ ಸಂಸ್ಥೆಯಿಂದ ಒಬ್ಬರನ್ನು ಗೈಡ್ ವೇಷದಲ್ಲಿ ಜೊತೆಗೆ ಕಳಿಸಲು ಕೇಳಿ. ಕಾರೂ ಅಷ್ಟೇ. ಕಪ್ಪು ಕಾರುಗಳ ಸಾಲು ಬೇಡ, ಒಂದು ವೋಲ್ವೋ ಸಾಕು. ದಾರಿಯಲ್ಲಿ ಹೋಗುವ ಸ್ವೀಡನ್ನರು ಯಾರನ್ನೂ ಮಾತಾಡಿಸುವುದಿಲ್ಲ, ದಿಟ್ಟಿಸುವುದೂ ಇಲ್ಲ.

ಗುರುತು ಹಿಡಿಯುವವರು ಇದ್ದರೆ ಅದು ನಮ್ಮವರೇ. ನಗರದ ಉತ್ತರಕ್ಕೆ ಕಿಸ್ತಾದಲ್ಲಿ ಎರಿಕ್ಸನ್ ಕಂಪನಿಯ ಮುಖ್ಯ ಕಚೇರಿ ಇದೆ. ಸುತ್ತಮುತ್ತ ಐಟಿ ಕೆಲಸದಲ್ಲಿರುವ ಭಾರತೀಯರು ತುಂಬಾ ಜನ, ಕನ್ನಡದವರೂ ಇದ್ದಾರೆ. ಶನಿವಾರ, ಭಾನುವಾರ ಬಿಸಿಲು ಬಂತೆಂದರೆ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಯೂರ್ಗೋರ್ಡೆನ್‌ಗೇ ಬರುತ್ತಾರೆ. 'ಸಾರ್, ನೀವು ಅವರಲ್ವಾ, ಒಂದು ಸೆಲ್ಫಿ' ಅನ್ನುವ ಮಾತು ವಾಸಾ ಹಡಗಿನ ಮುಂದೆ ಕೇಳಿಸಿದರೆ ಆಶ್ಚರ್ಯಪಡಬೇಡಿ. ನಗರದ ಓಡಾಟವನ್ನೆಲ್ಲ ಮಂಗಳವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ. ವಾರಾಂತ್ಯ ದ್ವೀಪಗಳ ಕಡೆ ಇರಲಿ.

ಇನ್ನೊಂದು ಸೋರುವ ಜಾಗ ಮಕ್ಕಳ ಫೋನ್. ಯಾಟ್ ಸಿಬ್ಬಂದಿ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ, ಮಕ್ಕಳು ಹಾಕಿರುವುದಿಲ್ಲ. ಫೋಟೋ ತೆಗೆಯಬೇಡಿ ಅಂದರೆ ಕೇಳುವ ವಯಸ್ಸಲ್ಲ ಅದು. ಊರಿಗೆ ಬಂದ ಮೇಲೆ ಹಾಕಿಕೊಳ್ಳಿ ಅನ್ನಿ, ಒಪ್ಪಬಹುದು.

ಈಗ ಬ್ರೋಕರ್‌ಗೆ ನೀವು ಕೇಳಬೇಕಾದ್ದು ಹೀಗಿದೆ. ಒಪ್ಪಂದ ಯಾರ ಹೆಸರಲ್ಲಿ ಆಗುತ್ತದೆ? ಬಾಡಿಗೆ ಮೇಲೆ ವ್ಯಾಟ್ ಸೇರಿದೆಯಾ, ಬೇರೆಯಾ? ಡೆನ್ಮಾರ್ಕ್, ಸ್ವೀಡನ್ ಎರಡರಲ್ಲೂ ಸಾಮಾನ್ಯ ದರ ಶೇ. 25, ಸಣ್ಣ ಮೊತ್ತವಲ್ಲ. ಇಂಧನ, ಊಟ, ಧಕ್ಕೆ ಬಾಡಿಗೆಗೆ ಮುಂಗಡ ಎಷ್ಟು ಕಟ್ಟಬೇಕು? ಸಾಮಾನ್ಯವಾಗಿ ಬಾಡಿಗೆಯ ಶೇ. 30ರ ಆಸುಪಾಸು ಇರುತ್ತದೆ. ಯಾಟ್‌ನ ಶೌಚದ ಟ್ಯಾಂಕ್ ಎಷ್ಟು ದಿನಕ್ಕೆ ಸಾಕು? ನಗಬೇಡಿ, ಬಾಲ್ಟಿಕ್ ಮೊದಲೇ ಸೊರಗಿದ ಸಮುದ್ರ. ಸ್ವೀಡನ್‌ನಲ್ಲಿ 2015ರಿಂದ ಪ್ರವಾಸಿ ಬೋಟ್‌ಗಳು ಶೌಚವನ್ನು ನೀರಿಗೆ ಬಿಡುವುದಕ್ಕೇ ನಿಷೇಧ ಇದೆ. ನಾಲ್ಕು ದಿನ ದ್ವೀಪಗಳ ನಡುವೆ ಅಲ್ಲಾಡದೆ ಇರಬಹುದಾ ಅನ್ನುವುದನ್ನು ತೀರ್ಮಾನಿಸುವುದು ಆ ಟ್ಯಾಂಕೇ. ಇವಕ್ಕೆ ಉತ್ತರ ಬಂದ ಮೇಲೆ ಏಜೆಂಟ್, ಪೈಲಟ್, ಮರದ ಬೋಟ್ ಮೂರನ್ನೂ ಚಳಿಗಾಲದಲ್ಲೇ ಗೊತ್ತು ಮಾಡಿ. ಆಗಸ್ಟ್‌ನ ಒಳ್ಳೇ ಬೋಟ್‌ಗಳು ಬೇಗ ಬುಕ್ ಆಗಿಬಿಡುತ್ತವೆ.